ಹೊಸಬರು ಆಟಕ್ಕುಂಟು, ಲೆಕ್ಕಕ್ಕೂ ಇರಲಿ

ಮಾಡೆಲ್ ವಿಮಾನದ ಸ್ಪರ್ಧೆ ನಡೆಸುವವರು ನಾಲ್ಕು ಜನ ಒಂದು ಕಡೆ ಸೇರಿದರೆ ಸಾಕು, ಒಂದು ದೂರು ಬಂದೇ ಬರುತ್ತದೆ. ಹೊಸಬರು ಬರುವುದಿಲ್ಲ, ಬಂದವರು ಇನ್ನೊಂದು ಸಲ ಮುಖ ತೋರಿಸುವುದಿಲ್ಲ. ಪರಿಹಾರವೂ ರೆಡಿ ಇರುತ್ತದೆ. ಹೊಸಬರಿಗೇ ಸ್ಪರ್ಧೆಯಲ್ಲಿ ಬೇರೆ ಕ್ಲಾಸ್, ಅಂದರೆ ಬೇರೆ ವಿಭಾಗ ಮಾಡೋಣ, ಒಂದು ಕಪ್ ಇಡೋಣ, ಸರ್ಟಿಫಿಕೇಟ್ ಕೊಡೋಣ, ಮುಗೀತು. ಬೇರೆ ಕ್ಲಾಸ್ ತಪ್ಪು ಅಂತ ನಾನು ಹೇಳುತ್ತಿಲ್ಲ. ಆದರೆ ಅಷ್ಟಕ್ಕೇ ಕೈ ತೊಳೆದುಕೊಂಡರೆ, ಬೀದಿ ಕ್ರಿಕೆಟ್‌ನಲ್ಲಿ ಅಳುತ್ತಾನೆ ಅಂತ ಪುಟ್ಟ ತಮ್ಮನನ್ನು ಸೇರಿಸಿಕೊಂಡ ಹಾಗೆ ಆಗುತ್ತದೆ. ಆಟಕ್ಕುಂಟು, ಲೆಕ್ಕಕ್ಕಿಲ್ಲ. ಅವನಿಗೂ ಅದು ಗೊತ್ತಿರುತ್ತದೆ.

ಸೋತೆ ಅಂತ ಯಾರೂ ಈ ಹವ್ಯಾಸ ಬಿಡುವುದಿಲ್ಲ. ನಾನು ನೋಡಿದ ಮಟ್ಟಿಗಂತೂ ಇಲ್ಲ. ಮೊದಲ ರೌಂಡಿನಲ್ಲೇ ಮಾಡೆಲ್ ಮೂಗು ನೆಲಕ್ಕೆ ಚುಚ್ಚಿ ಮುರಿದು, ಸಂಜೆವರೆಗೆ ಮರದ ಕೆಳಗೆ ಕೂತು ಬೇರೆಯವರದ್ದು ನೋಡಬೇಕಾದಾಗ ಬಿಡುತ್ತಾರೆ. ತಾನು ಎರಡೇ ನಿಮಿಷಕ್ಕೆ ಇಳಿದದ್ದು ಯಾಕೆ, ಪಕ್ಕದವರು ಅದೇ ಗಾಳಿಯಲ್ಲಿ ಹತ್ತು ನಿಮಿಷ ಮೇಲೆ ಇದ್ದದ್ದು ಹೇಗೆ ಅಂತ ಹೇಳುವವರೇ ಇಲ್ಲದಾಗ ಬಿಡುತ್ತಾರೆ. ಹಾಗಾಗಿ ನನ್ನ ಪ್ರಕಾರ ಕೇಳಬೇಕಾದ ಪ್ರಶ್ನೆ ಹೊಸಬ ಗೆಲ್ಲುವ ಹಾಗೆ ಮಾಡೋದು ಹೇಗೆ ಅನ್ನೋದಲ್ಲ. ಅವನು ದಿನವೆಲ್ಲಾ ಹಾರಿಸುತ್ತಾ ಇರಬೇಕು, ಮತ್ತೆ ತನ್ನ ಮಟ್ಟಕ್ಕೆ ತಕ್ಕ ರಿಸ್ಕನ್ನು ತಾನೇ ಆರಿಸಿಕೊಳ್ಳಬೇಕು. ಅಂಥ ನಿಯಮ ಯಾವುದು? ಅದು ಇದೆ, ಆಮೇಲೆ ಹೇಳುತ್ತೇನೆ. ಮೊದಲು ಉಳಿದ ಉಪಾಯಗಳು ಎಲ್ಲಿ ಸೋರುತ್ತವೆ ನೋಡೋಣ.

ಹೊಸಬರಿಗೆ ಅಂತಲೇ ಶುರುವಾದ ಕ್ಲಾಸ್‌ಗೆ ಏನಾಗುತ್ತದೆ ಅಂತ ತಿಳಿಯಲು ಪಿ-30 ನೋಡಿದರೆ ಸಾಕು. ಅಮೆರಿಕದ ಫ್ರೀ ಫ್ಲೈಟ್ ಮಂದಿ ಮಾಡಿಕೊಂಡ ಕ್ಲಾಸ್ ಇದು. ರಬ್ಬರ್ ಸುತ್ತಿ ಬಿಡುವ ಪುಟ್ಟ ಮಾಡೆಲ್, ರೇಡಿಯೋ ಗೀಡಿಯೋ ಏನೂ ಇಲ್ಲ. ರೆಕ್ಕೆ 30 ಇಂಚು ಮೀರಬಾರದು, ಉದ್ದವೂ 30 ಇಂಚು ಮೀರಬಾರದು. ರಬ್ಬರ್ ಬಿಟ್ಟು ತೂಕ ಕನಿಷ್ಠ 40 ಗ್ರಾಂ ಇರಬೇಕು, ರಬ್ಬರ್ 10 ಗ್ರಾಂ ದಾಟಬಾರದು. ಪ್ರೊಪೆಲ್ಲರ್ ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್‌ನದ್ದೇ ಆಗಬೇಕು, ಮಡಚಿಕೊಳ್ಳುವಂಥದ್ದು ಬೇಡ. ಎರಡು ನಿಮಿಷ ಹಾರಿದರೆ ಮ್ಯಾಕ್ಸ್, ಅಂದರೆ ಪೂರ್ತಿ ಅಂಕ. ಓದಿದರೆ ಎಷ್ಟು ಸರಳ ಅಲ್ವಾ? ಒಂದು ವಾರಾಂತ್ಯದಲ್ಲಿ ಕಟ್ಟಿ ಮುಗಿಸಬಹುದು.

ಹಳೇ ಹುಲಿಗಳೂ ಹಾಗೇ ಅಂದುಕೊಂಡರು. ಬಂದರು. ಬಂದವರು ಸುಮ್ನೆ ಕೂರುತ್ತಾರಾ? ಬಾಲ್ಸಾ ಅನ್ನುವ ಹಗುರ ಮರದ ಹಾಳೆಗಳನ್ನು ಒಂದೊಂದಾಗಿ ತೂಕ ಮಾಡಿ ಹಗುರವಾದದ್ದನ್ನು ಬಾಲಕ್ಕೆ, ಗಟ್ಟಿಯಾದದ್ದನ್ನು ರೆಕ್ಕೆಯ ಕಂಬಿಗೆ ಅಂತ ಆರಿಸಿದರು. ರಬ್ಬರ್ ಸುತ್ತುವಾಗ ಅದರ ಬಿಗಿ ಅಳೆಯುವ ಟಾರ್ಕ್ ಮೀಟರ್ ಇಟ್ಟು, ಹರಿಯುವುದಕ್ಕೆ ಇನ್ನೇನು ಒಂದೆರಡು ಸುತ್ತು ಇದೆ ಅನ್ನುವಲ್ಲಿ ನಿಲ್ಲಿಸುವುದನ್ನು ಕಲಿತರು. ಮೀನು ಹಿಡಿಯುವ ಕೋಲಿನ ತುದಿಗೆ ತೆಳ್ಳನೆಯ ಮೈಲಾರ್ ಪ್ಲಾಸ್ಟಿಕ್ ಪಟ್ಟಿ ಕಟ್ಟಿ, ಏಳುವ ಗಾಳಿಗೆ ಅದು ಮೇಲಕ್ಕೆ ಎದ್ದಾಗ ಮಾತ್ರ ಮಾಡೆಲ್ ಬಿಟ್ಟರು. ಹೊಸಬನ ಮಾಡೆಲ್‌ಗೂ ಇವರದ್ದಕ್ಕೂ ಪೇಪರಿನ ಮೇಲೆ ವ್ಯತ್ಯಾಸವೇ ಇಲ್ಲ. ಬಯಲಿನಲ್ಲಿ ಅಜಗಜಾಂತರ.

ಇದರಿಂದ ಪಿ-30 ಹಾಳಾಯಿತು ಅನ್ನುವವರ ಜೊತೆ ನಾನಿಲ್ಲ. ಸಲಕರಣೆಗೆ ಮಿತಿ ಹಾಕಿದರೆ ದುಡ್ಡಿನ ಆಟ ನಿಲ್ಲುತ್ತದೆ, ಅನುಭವದ ಆಟ ನಿಲ್ಲುವುದಿಲ್ಲ. ಅಷ್ಟೇ. ದುಡ್ಡಿನ ಆಟ ನಿಂತದ್ದೇ ದೊಡ್ಡ ಲಾಭ. ಒಳ್ಳೆಯ ಗಾಳಿ ಸಿಕ್ಕಿದರೆ ಮೊದಲ ಮಾಡೆಲ್ ಕಟ್ಟಿದ ಹುಡುಗಿಯೂ ಎರಡು ನಿಮಿಷದ ಮ್ಯಾಕ್ಸ್ ಹೊಡೆಯಬಹುದು, ಆ ರೌಂಡಿನ ಮಟ್ಟಿಗೆ ಅವಳೂ ಚಾಂಪಿಯನ್ನೂ ಸಮ. ಎಷ್ಟೇ ದೊಡ್ಡವನಾದರೂ ಎರಡು ನಿಮಿಷಕ್ಕಿಂತ ಜಾಸ್ತಿ ಅಂಕ ಇಲ್ಲ ಅನ್ನುವ ಈ ಛಾವಣಿ ಇದೆಯಲ್ಲ, ಅದರಲ್ಲಿ ಜಾಣತನ ಇದೆ.

ಇನ್ನೊಂದು ದಾರಿ, ಪರಿಣತಿ ನೋಡಿ ಮೆಟ್ಟಿಲು ಮಾಡುವುದು. ಎರಡು ತಂತಿ ಹಿಡಿದು ತಲೆ ಸುತ್ತ ವಿಮಾನ ಹಾರಿಸುವ ಕಂಟ್ರೋಲ್ ಲೈನ್ ಗೊತ್ತಲ್ಲ, ನಮ್ಮಲ್ಲಿ ಎನ್‌ಸಿಸಿ ಏರ್ ವಿಂಗ್‌ನಲ್ಲಿದ್ದವರು ನೋಡಿರುತ್ತಾರೆ. ಅದರ ಸ್ಟಂಟ್ ಸ್ಪರ್ಧೆಗೆ ಅಮೆರಿಕದ ಪಾಂಪಾ ಸಂಘ ನಾಲ್ಕು ಮೆಟ್ಟಿಲು ಮಾಡಿದೆ: ಬಿಗಿನರ್, ಇಂಟರ್‌ಮೀಡಿಯಟ್, ಅಡ್ವಾನ್ಸ್ಡ್, ಎಕ್ಸ್‌ಪರ್ಟ್. ಬಿಗಿನರ್‌ಗೆ ಆಟವೇ ಚಿಕ್ಕದು, ಕಷ್ಟದ ವರಸೆಗಳಿಲ್ಲ. ಇದು ನನಗೆ ತುಂಬಾ ಹಿಡಿಸಿದ ವಿಷಯ. ಹೊಸಬನ ಕೈಯಲ್ಲಿ ಚೌಕಾಕಾರದ ಲೂಪ್ ಮಾಡಿಸಿ ನೆಲಕ್ಕೆ ಹೊಡೆಸುವ ಬದಲು, ಅವನಿಗೆ ಬರುವುದನ್ನು ಚೆನ್ನಾಗಿ ಮಾಡು ಅನ್ನುತ್ತಾರೆ. ಮಾಡೆಲ್ ಉಳಿಯುತ್ತದೆ. ಮಾಡೆಲ್ ಉಳಿದರೆ ಮನುಷ್ಯನೂ ಉಳಿಯುತ್ತಾನೆ.

ರೇಡಿಯೋ ಏರೋಬ್ಯಾಟಿಕ್ಸ್‌ನಲ್ಲೂ ಇದೇ. ಐಮ್ಯಾಕ್ ಅನ್ನುವ ಸಂಘದ ಸ್ಪರ್ಧೆಗಳಲ್ಲಿ ಬೇಸಿಕ್‌ನಿಂದ ಶುರುವಾಗಿ ಸ್ಪೋರ್ಟ್ಸ್‌ಮನ್, ಇಂಟರ್‌ಮೀಡಿಯಟ್, ಅಡ್ವಾನ್ಸ್ಡ್ ದಾಟಿ ಅನ್‌ಲಿಮಿಟೆಡ್‌ವರೆಗೆ ಐದು ಮೆಟ್ಟಿಲು. ಇಲ್ಲಿ ಬರುವ ರೋಗ ಒಂದೇ. ಮೇಲಿನ ಮೆಟ್ಟಿಲಲ್ಲಿ ಕೊನೆಯವನಾಗುವುದಕ್ಕಿಂತ ಕೆಳಗಿನದರಲ್ಲಿ ಮೊದಲನೆಯವನಾಗಿ ಕೂರುವುದು ಕೆಲವರಿಗೆ ಇಷ್ಟ. ವರ್ಷಗಟ್ಟಲೆ ಕೂರುತ್ತಾರೆ. ಮನೆಯ ಶೋಕೇಸ್ ತುಂಬ ಬಿಗಿನರ್ ಕಪ್ ಇಟ್ಟುಕೊಂಡವರನ್ನು ಕಂಡರೆ ಏನು ಹೇಳೋದು ಹೇಳಿ. ಅದಕ್ಕೇ ಹಲವು ಕಡೆ ಇಷ್ಟು ಗೆದ್ದ ಮೇಲೆ ಮೇಲೆ ಹೋಗಲೇಬೇಕು ಅಂತ ನಿಯಮ ಇಟ್ಟಿದ್ದಾರೆ. ಇಡಬೇಕು ಕೂಡ. ಮರ್ಯಾದೆಯಿಂದ ತಾವೇ ಹೋಗುತ್ತಾರೆ ಅಂತ ಕಾದರೆ ಕೆಲವರು ಹೋಗುವುದೇ ಇಲ್ಲ.

ವಯಸ್ಸಿನ ಮೇಲೆ ವಿಂಗಡಿಸುವುದು ಇನ್ನೂ ಹಳೆಯ ಪದ್ಧತಿ. ಅಂತಾರಾಷ್ಟ್ರೀಯ ನಿಯಮಗಳಲ್ಲಿ 18 ತುಂಬುವ ವರ್ಷದವರೆಗೆ ಜೂನಿಯರ್. ಮಕ್ಕಳನ್ನು ಸೆಳೆಯುವುದಕ್ಕೆ ಇದು ಬೇಕು, ಸರಿ. ಆದರೆ ಹೊಸಬ ಅಂದರೆ ಚಿಕ್ಕವನು ಅಂತ ಅಂದುಕೊಳ್ಳುವುದು ದೊಡ್ಡ ಮೋಸ. ಅಪ್ಪನ ಜೊತೆ ಮೈದಾನದಲ್ಲೇ ಬೆಳೆದ ಹದಿನಾರರ ಹುಡುಗನ ಬೆರಳುಗಳು ಆಗಲೇ ಪಳಗಿರುತ್ತವೆ. ಅದೇ, ಬ್ಯಾಂಕ್ ಕೆಲಸದಿಂದ ರಿಟೈರ್ ಆಗಿ, ಬಾಲ್ಯದ ಆಸೆ ಅಂತ ಮೊದಲ ಸಲ ಟ್ರಾನ್ಸ್‌ಮಿಟರ್ ಹಿಡಿದ ಯಜಮಾನರು ನಿಜವಾದ ಹೊಸಬರು. ನಮ್ಮ ಕಡೆ ಈ ಎರಡನೇ ಥರದವರು ಜಾಸ್ತಿ. ಅವರಿಗೆ ಓಪನ್ ಕ್ಲಾಸ್ ಅಂತ ಹಣೆಪಟ್ಟಿ ಅಂಟಿಸಿ ಇಪ್ಪತ್ತು ವರ್ಷ ಹಾರಿಸಿದವರ ಪಕ್ಕ ನಿಲ್ಲಿಸುತ್ತೇವೆ.

ಕಟ್ಟಿದವರೇ ಹಾರಿಸಬೇಕು ಅನ್ನುವ ನಿಯಮದ ಬಗ್ಗೆ ಬರೆದರೆ ಜಗಳ ಗ್ಯಾರಂಟಿ, ಆದರೂ ಬರೆಯುತ್ತೇನೆ. ಅಮೆರಿಕದ ಕಂಟ್ರೋಲ್ ಲೈನ್ ಸ್ಟಂಟ್‌ನಲ್ಲಿ ಇದರ ಮೇಲೆ ದಶಕಗಟ್ಟಲೆ ವಾದ ನಡೆದಿದೆ. ಅಲ್ಲಿ ಮಾಡೆಲ್‌ನ ಅಂದಕ್ಕೂ ಅಂಕ ಉಂಟು, ಬಣ್ಣ ಹೊಡೆಯುವುದರಲ್ಲೇ ಒಂದು ಚಳಿಗಾಲ ಕಳೆಯುವವರು ಉಂಟು. ಹೊಸಬನ ಕಣ್ಣಿನಿಂದ ನೋಡಿದರೆ ಈ ನಿಯಮ ಎರಡು ಬಾಯಿಯ ಕತ್ತಿ. ದುಡ್ಡು ಕೊಟ್ಟು ಚಾಂಪಿಯನ್‌ನ ಮಾಡೆಲ್ ತಂದು ಗೆಲ್ಲುವವನನ್ನು ಅದು ತಡೆಯುತ್ತದೆ. ಜೊತೆಗೆ, ಕಟ್ಟುವುದಕ್ಕೆ ಜಾಗವೂ ಟೈಮೂ ಇಲ್ಲದ, ಬಾಡಿಗೆ ಮನೆಯ ಒಂದೇ ರೂಮಿನಲ್ಲಿ ಇರುವ ಹುಡುಗನನ್ನೂ ತಡೆಯುತ್ತದೆ. ಬಾಲ್ಸಾ ಬೆಳೆಯುವುದು ಬಹುಪಾಲು ಈಕ್ವಡಾರ್‌ನಲ್ಲಿ, ಇಲ್ಲಿಗೆ ಬರುವಷ್ಟರಲ್ಲಿ ಬೆಲೆ ಏನಾಗಿರುತ್ತದೆ ಅಂತ ಕೊಂಡವರಿಗೆ ಗೊತ್ತು. ನನ್ನ ಮತ ಕೇಳಿದರೆ ಮೊದಲ ವರ್ಷ ಯಾರ ಮಾಡೆಲ್ ಆದರೂ ಹಾರಿಸಲಿ. ಕಟ್ಟುವ ಹುಚ್ಚು ಹಾರಿಸಿದ ಮೇಲೆ ತಾನೇ ಹತ್ತುತ್ತದೆ.

ಈಗ ನಾನು ಹೇಳಬೇಕು ಅಂದುಕೊಂಡಿದ್ದ ವಿಷಯ. ಎಫ್‌5ಜೆ.

ಇದು ಎಲೆಕ್ಟ್ರಿಕ್ ಗ್ಲೈಡರ್ ಕ್ಲಾಸ್. ಇದರ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆದದ್ದು 2019ರಲ್ಲಿ, ಅಂದರೆ ಹೊಸ ಕೂಸು. ಇದಕ್ಕೆ ಮೊದಲು ಎಫ್‌3ಜೆ ಇತ್ತು. ಅದರಲ್ಲಿ 150 ಮೀಟರ್ ದಾರಕ್ಕೆ ಗ್ಲೈಡರ್ ಕಟ್ಟಿ, ಇಬ್ಬರು ಗಟ್ಟಿ ಆಳುಗಳು ರಾಟೆ ಹಿಡಿದು ಓಡಬೇಕಿತ್ತು. ಓಡುವ ಆಳಿಲ್ಲದ ಹೊಸಬ ಅಲ್ಲೇ ಸೋತ. ಎಫ್‌5ಜೆಯಲ್ಲಿ ಪುಟ್ಟ ಮೋಟಾರ್ ಆ ಕೆಲಸ ಮಾಡುತ್ತದೆ. 30 ಸೆಕೆಂಡು ಮೀರದ ಹಾಗೆ ಮೋಟಾರ್ ಓಡಿಸಿ ಮೇಲೆ ಹೋಗು, ಮೋಟಾರ್ ನಿಲ್ಲಿಸು, ಆಮೇಲೆ ಬರೀ ಗಾಳಿಯ ಮೇಲೆ ಹತ್ತು ನಿಮಿಷ ಇರು, ಗುರುತಿನ ಹತ್ತಿರ ಇಳಿ. ಮತ್ತೆ ಮೋಟಾರ್ ಹಚ್ಚಿದರೆ ಆ ರೌಂಡು ಸೊನ್ನೆ.

ಸ್ವಾರಸ್ಯ ಇರುವುದು ಎತ್ತರದಲ್ಲಿ. ಮಾಡೆಲ್‌ನ ಒಳಗೆ ಎತ್ತರ ಅಳೆಯುವ ಪುಟ್ಟ ಸಾಧನ ಇರುತ್ತದೆ. ಮೋಟಾರ್ ನಿಂತು ಹತ್ತು ಸೆಕೆಂಡು ಆಗುವವರೆಗೆ ಎಷ್ಟು ಎತ್ತರ ಮುಟ್ಟಿದೆ ಅಂತ ಅದು ಬರೆದುಕೊಳ್ಳುತ್ತದೆ. 200 ಮೀಟರ್‌ವರೆಗೆ ಪ್ರತಿ ಮೀಟರ್‌ಗೆ ಅರ್ಧ ಅಂಕ ಕಟ್. ಅಲ್ಲಿಂದ ಮೇಲೆ ಪ್ರತಿ ಮೀಟರ್‌ಗೆ 3 ಅಂಕ ಕಟ್. ಹಾರಿದ ಪ್ರತಿ ಸೆಕೆಂಡಿಗೆ ಒಂದು ಅಂಕ, ಗುರುತಿನಿಂದ ಒಂದು ಮೀಟರ್ ಒಳಗೆ ಇಳಿದರೆ 50 ಅಂಕ ಜಾಸ್ತಿ, ದೂರ ಆದಷ್ಟೂ ಕಡಿಮೆ.

ಅಂದರೆ ಎತ್ತರವನ್ನು ಅಂಕ ಕೊಟ್ಟು ಕೊಂಡುಕೊಳ್ಳಬೇಕು. ಎಷ್ಟು ಬೇಕೋ ಅಷ್ಟು ಕೊಳ್ಳಿ, ನಿಮ್ಮಿಷ್ಟ. ಹೊಸಬ 180 ಮೀಟರ್‌ಗೆ ಹೋಗುತ್ತಾನೆ, 90 ಅಂಕ ಕೊಡುತ್ತಾನೆ, ಆದರೆ ಕೆಳಗೆ ಬರುವಷ್ಟರಲ್ಲಿ ಥರ್ಮಲ್, ಅಂದರೆ ಬಿಸಿಯಾಗಿ ಮೇಲೇಳುವ ಗಾಳಿ, ಹುಡುಕುವುದಕ್ಕೆ ಸಮಯ ಇರುತ್ತದೆ. ಪರಿಣತ 50 ಮೀಟರ್‌ಗೇ ಮೋಟಾರ್ ನಿಲ್ಲಿಸುತ್ತಾನೆ, 25 ಅಂಕ ಮಾತ್ರ ಕೊಡುತ್ತಾನೆ. ಆಗ ಅವನ ಕೈಯೂ ನಡುಗುತ್ತಿರುತ್ತದೆ. ಸುತ್ತ ಎಲ್ಲೂ ಏಳುವ ಗಾಳಿ ಇಲ್ಲದಿದ್ದರೆ ಅವನ ಲಕ್ಷಗಟ್ಟಲೆ ಬೆಲೆಯ ಕಾರ್ಬನ್ ಗ್ಲೈಡರ್ ಕೂಡ ಕೆಲವೇ ನಿಮಿಷಕ್ಕೆ ನೆಲದಲ್ಲಿರುತ್ತದೆ. ಗುರುತಿನಿಂದ 75 ಮೀಟರ್ ಆಚೆ ಬಿದ್ದರೆ ರೌಂಡೇ ಸೊನ್ನೆ.

ಲೆಕ್ಕ ಹಾಕಿ ನೋಡೋಣ. ಪರಿಣತ ಎಲ್ಲ ಸರಿ ಹೋಗಿ 597 ಸೆಕೆಂಡು ಹಾರಿ, ಗುರುತಿನ ಮೇಲೇ ಇಳಿದ ಅನ್ನಿ. 597ಕ್ಕೆ 50 ಕೂಡಿಸಿ 25 ಕಳೆದರೆ 622. ಹೊಸಬ 180 ಮೀಟರ್‌ನಿಂದ ನಾಲ್ಕು ನಿಮಿಷ 20 ಸೆಕೆಂಡು ಹಾರಿ, ಇಳಿಯುವ ಅಂಕ ಸಿಗದಷ್ಟು ದೂರ, ಆದರೆ 75 ಮೀಟರ್ ಒಳಗೇ ಇಳಿದ. 260ರಲ್ಲಿ 90 ಹೋದರೆ 170. ಒಟ್ಟಿಗೆ ಹಾರಿಸುವ ಗುಂಪಿನಲ್ಲಿ ಗೆದ್ದವನಿಗೆ 1000, ಉಳಿದವರಿಗೆ ಅದರ ಪ್ರಮಾಣದಲ್ಲಿ. ಹೊಸಬನಿಗೆ ಬರುವುದು 273. ಅವನು ಹೆದರಿ 240 ಮೀಟರ್‌ಗೆ ಹೋಗಿದ್ದರೆ ಬರೀ ಎತ್ತರಕ್ಕೇ 220 ಕಟ್ ಆಗಿ, ಉಳಿಯುವುದು 40. ಹಾಗಾಗಿ ಅವನೂ ತಾನು ಎಷ್ಟು ಹೆದರಬಹುದು ಅಂತ ಯೋಚಿಸಲೇಬೇಕು.

ಈಗ ಇನ್ನೊಂದು ರೌಂಡು. ಗಾಳಿ ಸತ್ತಿದೆ. ಪರಿಣತ ಜಂಬದಲ್ಲಿ 30 ಮೀಟರ್‌ಗೇ ನಿಲ್ಲಿಸಿದ, ಏನೂ ಸಿಗಲಿಲ್ಲ, 90 ಸೆಕೆಂಡಿಗೆ ಇಳಿದ. ಗುರುತಿನ ಮೇಲೇ ಇಳಿದ, ಕೈ ಪಳಗಿದೆಯಲ್ಲ. 90ಕ್ಕೆ 50 ಕೂಡಿಸಿ 15 ಕಳೆದರೆ 125. ಹೊಸಬ ಮೊದಲಿನ ಹಾಗೇ 170 ಮಾಡಿದ. ಗುಂಪಿನಲ್ಲಿ ಬೇರೆ ಯಾರೂ ಅದಕ್ಕಿಂತ ಜಾಸ್ತಿ ಮಾಡದಿದ್ದರೆ ಹೊಸಬನಿಗೆ 1000, ಪರಿಣತನಿಗೆ 735. ಯಾರೂ ಯಾರಿಗೂ ರಿಯಾಯಿತಿ ಕೊಟ್ಟಿಲ್ಲ, ಇಬ್ಬರದ್ದೂ ಅದೇ ರೂಲ್ ಬುಕ್. ಅವರವರು ಆರಿಸಿಕೊಂಡ ರಿಸ್ಕಿಗೆ ಅವರವರು ಬೆಲೆ ಕೊಟ್ಟಿದ್ದಾರೆ.

ನೇರವಾಗಿ ಹ್ಯಾಂಡಿಕ್ಯಾಪ್ ಕೊಡುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಹೊಸಬನ ಅಂಕವನ್ನು ಒಂದೂವರೆಯಿಂದ ಗುಣಿಸಿ ಅಂದರೆ ಗೆದ್ದ ಹೊಸಬನಿಗೂ ಖುಷಿ ಇಲ್ಲ, ಸೋತ ಹಳಬನಿಗೂ ಮುಖ ಗಂಟು. ಎಫ್‌5ಜೆಯಲ್ಲಿ ಹಳಬ ಸೋತರೆ ಬೈಯುವುದು ತನ್ನನ್ನೇ.

ಒಂದು ಮಾತು ಮಾತ್ರ ಇದೆ. ನಮ್ಮ ದೇಶದಲ್ಲಿ ಈ 200 ಮೀಟರ್ ಲೆಕ್ಕವನ್ನು ಹಾಗೇ ಎತ್ತಿ ತರುವುದಕ್ಕೆ ಆಗುವುದಿಲ್ಲ. 2021ರ ಡ್ರೋನ್ ನಿಯಮಗಳ ಪ್ರಕಾರ ಅನುಮತಿ ಬೇಡದ ಹಸಿರು ವಲಯ ಅಂದರೆ 120 ಮೀಟರ್‌ವರೆಗೆ ಮಾತ್ರ. ವಿಮಾನ ನಿಲ್ದಾಣದಿಂದ 8 ರಿಂದ 12 ಕಿಲೋಮೀಟರ್ ದೂರದ ಪಟ್ಟಿಯಲ್ಲಿ ಅದೂ 60 ಮೀಟರ್. ಬೆಂಗಳೂರಿನ ಸುತ್ತ ದೇವನಹಳ್ಳಿ, ಎಚ್‌ಎಎಲ್, ಯಲಹಂಕ, ಜಕ್ಕೂರು ಅಂತ ಇಷ್ಟು ರನ್‌ವೇ ಇಟ್ಟುಕೊಂಡು ನಾವು ಎಲ್ಲಿ ಹೋಗೋದು? ಊರಾಚೆ ಹೋಗಿ, ನಕ್ಷೆ ನೋಡಿ, ಬೇಕಾದಲ್ಲಿ ಅನುಮತಿ ತಂದುಕೊಂಡು ಹಾರಿಸಬೇಕು. ಸುಲಭ ದಾರಿ ಅಂತ ಕೆಲವರು ಎಲ್ಲರಿಗೂ 60 ಮೀಟರ್‌ಗೇ ಮೋಟಾರ್ ಕಟ್ ಆಗುವ ಹಾಗೆ ಮಾಡೋಣ ಅನ್ನುತ್ತಾರೆ. ಸಮಾನತೆ ಅಂತ ಕಾಣುತ್ತದೆ, ಆದರೆ ಇದರಲ್ಲಿ ಸಾಯುವುದು ಹೊಸಬನೇ. 60 ಮೀಟರ್‌ನಿಂದ ಥರ್ಮಲ್ ಹಿಡಿಯುವುದು ಬಲ್ಲವರ ಆಟ. ಕಡಿಮೆ ಎತ್ತರದ ಮಿತಿ ಇಡಲೇಬೇಕು ಅಂದರೆ ಹೊಸಬರಿಗೆ ಹಾರಾಟದ ಗುರಿಯನ್ನೂ ಇಳಿಸಿ, ಹತ್ತು ನಿಮಿಷದ ಬದಲು ಮೂರು ನಿಮಿಷ ಮಾಡಿ.

ಕೈಯಿಂದ ಎಸೆಯುವ ಗ್ಲೈಡರ್ ಎಫ್‌3ಕೆ ಬಗ್ಗೆಯೂ ಎರಡು ಮಾತು. ರೆಕ್ಕೆ ಗರಿಷ್ಠ ಒಂದೂವರೆ ಮೀಟರ್, ತೂಕ 600 ಗ್ರಾಂ ಒಳಗೆ. ರೆಕ್ಕೆಯ ತುದಿಯ ಗೂಟ ಹಿಡಿದು, ಡಿಸ್ಕಸ್ ಎಸೆಯುವ ಹಾಗೆ ಒಂದು ಸುತ್ತು ಗಿರ್ರನೆ ತಿರುಗಿ ಬಿಡುವುದು. ಇಲ್ಲಿ ಭುಜ ಗಟ್ಟಿ ಇರುವ ಇಪ್ಪತ್ತರ ಹುಡುಗ, ಐವತ್ತೈದರ ಚಾಂಪಿಯನ್‌ಗಿಂತ ಹದಿನೈದು ಇಪ್ಪತ್ತು ಮೀಟರ್ ಮೇಲೆ ಎಸೆಯಬಲ್ಲ. ಹಿರಿಯರಿಗೆ ಗಾಳಿ ಓದುವುದು ಗೊತ್ತು, ಹುಡುಗನಿಗೆ ಎತ್ತರ ಇದೆ. ಎಲ್ಲರೂ ಒಟ್ಟಿಗೆ ಎಸೆದು ಕೊನೆಗೆ ಇಳಿದವರು ಗೆಲ್ಲುವ ಆಟ ಇದರಲ್ಲಿ ಒಂದಿದೆ. ನೋಡುವುದಕ್ಕೆ ಅದಕ್ಕಿಂತ ಚಂದದ್ದು ಈ ಹವ್ಯಾಸದಲ್ಲಿ ಇಲ್ಲ.

ಹಾಗಂತ ನಿಯಮ ಒಂದೇ ಎಲ್ಲ ಮಾಡುವುದಿಲ್ಲ. ಗುಂಪು ಮಾಡುವುದರಲ್ಲೂ ಇದೆ ವಿಷಯ. ಹೊಸಬರನ್ನೆಲ್ಲ ಒಂದೇ ಗುಂಪಿಗೆ ಹಾಕಿದರೆ ಅವರಲ್ಲೊಬ್ಬನಿಗೆ 1000 ಸಿಗುತ್ತದೆ, ಕಾಗದದ ಮೇಲೆ ಚೆನ್ನಾಗಿರುತ್ತದೆ. ಆದರೆ ಆಕಾಶದಲ್ಲಿ ದಾರಿ ತೋರಿಸುವವರು ಯಾರೂ ಇರುವುದಿಲ್ಲ, ಎಲ್ಲರೂ ಸಿಂಕ್‌ನಲ್ಲಿ, ಅಂದರೆ ಕೆಳಗಿಳಿಯುವ ಗಾಳಿಯಲ್ಲಿ, ಒಟ್ಟಿಗೆ ಇಳಿಯುತ್ತಾರೆ. ಬೆರೆಸಿ ಹಾಕಿದರೆ ಅಂಕ ಕಡಿಮೆ ಬರಬಹುದು, ಆದರೆ ಪರಿಣತನ ಗ್ಲೈಡರ್ ಎಲ್ಲಿ ಸುತ್ತುತ್ತಿದೆಯೋ ಅಲ್ಲಿಗೆ ಹೋದರೆ ಥರ್ಮಲ್ ಸಿಗುತ್ತದೆ. ನಮ್ಮ ಬಯಲುಸೀಮೆಯ ಹದ್ದುಗಳು ಮಾಡುವ ಕೆಲಸವನ್ನೇ ಹಳಬರ ಗ್ಲೈಡರ್ ಮಾಡುತ್ತದೆ. ಪುಕ್ಕಟೆ ಪಾಠ. ಒಂದೇ ಎಚ್ಚರ, ಮೊದಲು ಹೊಕ್ಕವರು ಯಾವ ದಿಕ್ಕಿಗೆ ಸುತ್ತುತ್ತಿದ್ದಾರೋ ಅದೇ ದಿಕ್ಕಿಗೆ ಸುತ್ತಬೇಕು ಅಂತ ಬೆಳಿಗ್ಗೆಯ ಬ್ರೀಫಿಂಗ್‌ನಲ್ಲೇ ಬಾಯಿಬಿಟ್ಟು ಹೇಳಬೇಕು. ಇಲ್ಲಾಂದರೆ ಢಿಕ್ಕಿ ಖಂಡಿತ, ಮತ್ತೆ ಆ ಢಿಕ್ಕಿಯಲ್ಲಿ ಹೊಸಬನ ಫೋಮ್ ಉಳಿದು ಹಳಬರ ಕಾರ್ಬನ್ ಹೋದರೆ ಮಧ್ಯಾಹ್ನದ ಊಟ ಯಾರಿಗೂ ರುಚಿಸುವುದಿಲ್ಲ.

ಇನ್ನು ಹೆಲ್ಪರ್. ಎಫ್‌5ಜೆಯಲ್ಲಿ ಪ್ರತಿ ಪೈಲಟ್ ಪಕ್ಕದಲ್ಲಿ ಒಬ್ಬ ಹೆಲ್ಪರ್ ಇರಬಹುದು, ಮಾತಲ್ಲಿ ಸಲಹೆ ಕೊಡಬಹುದು. ನನಗೆ ಇದೇ ಎಲ್ಲಕ್ಕಿಂತ ದೊಡ್ಡ ಸಮತೂಕ. ಈಚೆಗೆ ನಮ್ಮದೊಂದು ಸಣ್ಣ ಮೀಟ್‌ನಲ್ಲಿ ಇಂಜಿನಿಯರಿಂಗ್ ಎರಡನೇ ವರ್ಷದ ಹುಡುಗನೊಬ್ಬ ಬಂದಿದ್ದ. ಎರಡು ಮೀಟರ್‌ನ ಫೋಮ್ ಗ್ಲೈಡರ್, ಬಲ ರೆಕ್ಕೆಗೆ ಅಡ್ಡಡ್ಡ ಟೇಪ್, ಬಾಲದ ಹತ್ತಿರ ಬಿಸಿ ಅಂಟು ಗಡ್ಡೆ ಕಟ್ಟಿತ್ತು. ಅವನ ಪಕ್ಕಕ್ಕೆ ಹಾಕಿದ್ದು ಮಾತೇ ಕಡಿಮೆ ಆಡುವ ಹಿರಿಯರೊಬ್ಬರನ್ನು. ಮೋಟಾರ್ ನಿಂತಿತು, ಗ್ಲೈಡರ್ ನೇರ ಹೋಗುತ್ತಿತ್ತು. ಎಡ ರೆಕ್ಕೆ ಒಂಚೂರು ಎದ್ದಿತು. ಹುಡುಗ ಅದನ್ನು ಗಮನಿಸದೆ, ಗ್ಲೈಡರ್ ವಾಲಿದ ಹಾಗೇ ಬಲಕ್ಕೆ ಹೋಗಲು ಬಿಟ್ಟ. ಹಿರಿಯರು ತಟ್ಟನೆ, "ಗಾಳಿ ಎತ್ತಿದ್ದು ಎಡಗಡೆ, ನೀನ್ಯಾಕೆ ಬಲಕ್ಕೆ ಓಡ್ತೀಯಾ? ಎಡಕ್ಕೆ ತಿರುಗು" ಅಂದರು. ತಿರುಗಿಸಿದ. ಅರ್ಧ ಸುತ್ತಿಗೆ ಬಾಲ ಮೇಲೆದ್ದಿತು, ಗ್ಲೈಡರ್‌ನ ಸದ್ದೇ ಬದಲಾಯಿತು. "ಈಗ ಸುಮ್ನಿರು, ಎಳೀಬೇಡ, ಅದು ತಾನೇ ಹೋಗುತ್ತೆ." ಅಷ್ಟೇ ಹೇಳಿದ್ದು. ಆ ರೌಂಡು ಅವನು ಪೂರ್ತಿ ಸಮಯ ಹಾರಿಸಿದ, ಇಳಿಸುವುದು ಮಾತ್ರ ಪಕ್ಕದ ರಾಗಿ ಹೊಲಕ್ಕೆ. ಎದ್ದ ರೆಕ್ಕೆಯ ಕಡೆಗೆ ತಿರುಗಬೇಕು ಅನ್ನುವುದನ್ನು ಹತ್ತು ವಿಡಿಯೋ ನೋಡಿ ಕಲಿಯಬಹುದು ನಿಜ. ಆದರೆ ಆ ಕ್ಷಣಕ್ಕೆ ಕಿವಿಯ ಪಕ್ಕ ಹೇಳುವವರು ಬೇಕು.

ಇದಕ್ಕೆ ಹಳಬರು ಒಪ್ಪಬೇಕಲ್ಲ ಅಂತ ನೀವು ಕೇಳಬಹುದು. ಒಪ್ಪುತ್ತಾರೆ, ಕೇಳುವ ಹಾಗೆ ಕೇಳಿದರೆ. ಪ್ರತಿ ರೌಂಡಿಗೂ ಹಾರಿಸದ ಗುಂಪಿನವರು ಹಾರಿಸುವ ಗುಂಪಿನ ಟೈಮರ್ ಆಗಲೇಬೇಕು, ಜನ ಬೇರೆ ಎಲ್ಲಿಂದ ಬರುತ್ತಾರೆ. ಚೀಟಿ ಬರೆಯುವಾಗಲೇ ಹಳಬರ ಹೆಸರನ್ನು ಹೊಸಬರ ಪಕ್ಕ ಬರೆದರೆ ಆಯಿತು. ಸ್ವಇಚ್ಛೆಯಿಂದ ಬನ್ನಿ ಅಂದರೆ ಎಲ್ಲರೂ ತಮ್ಮ ಗೆಳೆಯರ ಪಕ್ಕ ಹೋಗಿ ನಿಲ್ಲುತ್ತಾರೆ.

ನಮ್ಮ ಕಾಲೇಜು ಫೆಸ್ಟ್‌ಗಳ ಕಥೆ ಬೇರೆಯೇ ಇದೆ. ಏರೋಮಾಡೆಲಿಂಗ್ ಸ್ಪರ್ಧೆ ಅಂತ ಬೋರ್ಡು ಇರುತ್ತದೆ, ಪಾಪ ಹುಡುಗರು ರಾತ್ರಿಯೆಲ್ಲಾ ಹಾಸ್ಟೆಲ್‌ನಲ್ಲಿ ಕೋರೋಪ್ಲಾಸ್ಟ್ ಅನ್ನುವ ಪ್ಲಾಸ್ಟಿಕ್ ಹಾಳೆ ಕತ್ತರಿಸಿ, ಫೋಮ್‌ಗೆ ಬಿಸಿ ಅಂಟು ಹಾಕಿ ವಿಮಾನ ಕಟ್ಟುತ್ತಾರೆ. ಹಾರಿಸುವುದಕ್ಕೆ ಹೊರಗಿನ ಪೈಲಟ್ ಬರುತ್ತಾನೆ. ಒಬ್ಬನೇ ಪೈಲಟ್ ನಾಲ್ಕೈದು ಟೀಮಿಗೆ ಹಾರಿಸುವುದನ್ನೂ ನೋಡಿದ್ದೇನೆ. ಆಮೇಲೆ ಗೆದ್ದದ್ದು ಯಾರು? ಪೈಲಟ್ ಗೆದ್ದ, ಹುಡುಗರು ಫೋಟೋ ತೆಗೆಸಿಕೊಂಡರು. ಹಾಗಂತ ಕಟ್ಟಿದವರೇ ಹಾರಿಸಲಿ ಅಂದರೆ ಮೊದಲ ಹದಿನೈದು ಸೆಕೆಂಡಿಗೇ ತಿಂಗಳ ಕೆಲಸ ಪುಡಿಪುಡಿ. ಆಯೋಜಕರ ಕಷ್ಟವೂ ನನಗೆ ಅರ್ಥವಾಗುತ್ತದೆ, ಜನ ನಿಂತಿರುವ ಕಡೆ ವಿಮಾನ ಬಂದರೆ ಹೊಣೆ ಅವರದ್ದು.

ಇದಕ್ಕೆ ಬಡ್ಡಿ ಬಾಕ್ಸ್ ಇದೆಯಲ್ಲ. ಎರಡು ಟ್ರಾನ್ಸ್‌ಮಿಟರ್, ಒಂದು ಪರಿಣತನ ಕೈಯಲ್ಲಿ, ಇನ್ನೊಂದು ವಿದ್ಯಾರ್ಥಿಯ ಕೈಯಲ್ಲಿ. ಪರಿಣತ ಒಂದು ಸ್ವಿಚ್ ಒತ್ತಿ ಹಿಡಿದಿರುವಷ್ಟು ಹೊತ್ತು ವಿದ್ಯಾರ್ಥಿ ಹಾರಿಸುತ್ತಾನೆ, ಎಡವಟ್ಟು ಅನ್ನಿಸಿದ ತಕ್ಷಣ ಸ್ವಿಚ್ ಬಿಟ್ಟರೆ ವಿಮಾನ ಪರಿಣತನ ಕೈಗೆ ವಾಪಸ್. ಪಾಠ ಹೇಳುವಾಗ ಎಲ್ಲರೂ ಇದನ್ನು ಬಳಸುತ್ತಾರೆ, ಸ್ಪರ್ಧೆಯಲ್ಲಿ ಮಾತ್ರ ಯಾಕೋ ಯಾರಿಗೂ ನೆನಪಾಗುವುದಿಲ್ಲ. ಟೇಕಾಫ್, ಲ್ಯಾಂಡಿಂಗ್ ಪೈಲಟ್ ಮಾಡಲಿ. ಮಧ್ಯದಲ್ಲಿ ಟೀಮಿನ ಹುಡುಗ ಎಷ್ಟು ಸೆಕೆಂಡು ತಾನೇ ಹಾರಿಸಿದ ಅನ್ನುವುದಕ್ಕೆ ಅಂಕ ಕೊಡಿ. ಸ್ಟಾಪ್‌ವಾಚ್ ಹಿಡಿದವನೊಬ್ಬ ಇದ್ದರೆ ಲೆಕ್ಕ ಸಿಗುತ್ತದೆ. ಒಂದು ನಿಮಿಷ ಹಾರಿಸಿದ ಟೀಮಿಗೂ ಏನೂ ಹಾರಿಸದ ಟೀಮಿಗೂ ವ್ಯತ್ಯಾಸ ಕಾಣಬೇಕು. ಮುಂದಿನ ಫೆಸ್ಟ್‌ಗೆ ಬರುವಷ್ಟರಲ್ಲಿ ಹುಡುಗರು ಸಿಮ್ಯುಲೇಟರ್‌ನಲ್ಲಿ ಕೂತು ಅಭ್ಯಾಸ ಮಾಡಿಯೇ ಬರುತ್ತಾರೆ, ಯಾಕೆಂದರೆ ಅಂಕ ಅಲ್ಲಿದೆ.

ಸ್ಪರ್ಧೆಯೇ ಬೇಡ ಅನ್ನುವ ಸ್ವಭಾವದವರೂ ಇರುತ್ತಾರೆ, ಅವರನ್ನು ಮರೆಯಬಾರದು. ಅಮೆರಿಕದಲ್ಲಿ 1969ರಲ್ಲಿ ಶುರುವಾದ ಲೀಗ್ ಆಫ್ ಸೈಲೆಂಟ್ ಫ್ಲೈಟ್ ಅಂತ ಒಂದಿದೆ, ಗ್ಲೈಡರ್ ಹಾರಿಸುವವರದ್ದು. ಐದು ಹಂತ. ಕೆಳಗಿನ ಹಂತಗಳು ಯಾರಿಗಾದರೂ ಎಟುಕುವಂಥವು. ಐದನೇ ಹಂತಕ್ಕೆ ಬೆಟ್ಟದ ಗಾಳಿಯಲ್ಲಿ 8 ಗಂಟೆ ಹಾರಾಟ, ಥರ್ಮಲ್‌ನಲ್ಲಿ 2 ಗಂಟೆ ಹಾರಾಟದಂಥ ಕಠಿಣ ಪರೀಕ್ಷೆಗಳು. ಎಂಟು ಗಂಟೆ ಕುತ್ತಿಗೆ ಎತ್ತಿ ನಿಲ್ಲುವುದು ಅಂದರೆ ಏನು ಅಂತ ಯೋಚಿಸಿ. ಈ ಹಾರಾಟದ ಪರೀಕ್ಷೆಗಳಲ್ಲಿ ಯಾರನ್ನೂ ಸೋಲಿಸಬೇಕಾಗಿಲ್ಲ. ನಮ್ಮ ಕಡೆಗೆ ಒಗ್ಗುವ ಹಾಗೆ ಇಂಥದ್ದೊಂದು ಪಟ್ಟಿ ಮಾಡಿಕೊಂಡರೆ, ಹದಿನೈದನೇ ಸ್ಥಾನ ಬಂದವನೂ ಆ ದಿನ ತನ್ನ ಎರಡನೇ ಹಂತದ ಐದು ನಿಮಿಷ ಮುಗಿಸಿದೆ ಅಂತ ಹೇಳಿಕೊಂಡು ಹೋಗಬಹುದು.

ಇನ್ನು ಸಣ್ಣಪುಟ್ಟದ್ದು. ನಾಕೌಟ್ ಮಾಡಬೇಡಿ, ಎಲ್ಲರಿಗೂ ಎಲ್ಲ ರೌಂಡು ಕೊಡಿ, ಮೇಲಿನವರು ಬೇಕಾದರೆ ಕೊನೆಗೆ ಫ್ಲೈಆಫ್, ಅಂದರೆ ಫೈನಲ್ ಸುತ್ತು, ಆಡಿಕೊಳ್ಳಲಿ. ರೌಂಡುಗಳು ಜಾಸ್ತಿ ಇದ್ದರೆ ಒಂದು ಕೆಟ್ಟ ರೌಂಡನ್ನು ಲೆಕ್ಕದಿಂದ ಬಿಟ್ಟುಬಿಡಿ. ನೆರಳಿನಲ್ಲಿ ಒಂದು ಟೇಬಲ್ ಹಾಕಿ ಅಂಟು, ಟೇಪ್, ಕತ್ತರಿ, ರೆಕ್ಕೆ ಬಾಲದ ಪಟ್ಟಿಗಳನ್ನು ಆಡಿಸುವ ಹಳೇ ಸರ್ವೋ ಮೋಟಾರ್ ಒಂದೆರಡು ಇಡಿ. ಕ್ಲಬ್ಬಿಗೆ ಅಂತ ಒಂದು ಫೋಮ್ ಗ್ಲೈಡರ್ ಇರಲಿ, ಮುರಿದುಕೊಂಡವರು ಅದರಲ್ಲೇ ಮುಂದುವರಿಯಲಿ. ಇದಕ್ಕೆಲ್ಲ ಆಗುವ ಖರ್ಚು ಆ ಹೊಳೆಯುವ ಕಪ್‌ಗಳಿಗೆ ಸುರಿಯುವುದಕ್ಕಿಂತ ಜಾಸ್ತಿ ಏನಲ್ಲ.

ನಮ್ಮ ಗುಂಪಿನಲ್ಲಿ ಇನ್ನೂ ಇತ್ಯರ್ಥ ಆಗದ ಜಗಳ ಒಂದಿದೆ. ಹೊಸಬನ ಗ್ಲೈಡರ್ ಕಣ್ಣಳತೆ ಮೀರಿ ದೂರ ಹೋಗುತ್ತಿದ್ದರೆ, ಅಥವಾ ಸುರುಳಿ ಸುತ್ತಿ ಕೆಳಗೆ ಬರುತ್ತಿದ್ದರೆ ಹೆಲ್ಪರ್ ಟ್ರಾನ್ಸ್‌ಮಿಟರ್ ಕಸಿದುಕೊಂಡು ಉಳಿಸಬಹುದಾ? ಉಳಿಸಿದರೆ ಆ ರೌಂಡಿಗೆ ಏನು ಮಾಡಬೇಕು? ಸೊನ್ನೆ ಕೊಡಿ ಅಂತ ಒಬ್ಬರು, ಕಸಿದುಕೊಳ್ಳುವವರೆಗಿನ ಸೆಕೆಂಡುಗಳನ್ನು ಕೊಡಿ ಅಂತ ಇನ್ನೊಬ್ಬರು. ನಾನು ಎರಡನೆಯವರ ಕಡೆ. ಸೊನ್ನೆ ಅಂತ ಗೊತ್ತಿದ್ದರೆ ಹುಡುಗ ಕೊನೆಯ ಕ್ಷಣದವರೆಗೂ ಸಹಾಯ ಕೇಳುವುದಿಲ್ಲ, ಆಮೇಲೆ ಕೇಳಿ ಪ್ರಯೋಜನವೂ ಇರುವುದಿಲ್ಲ. ನಿಮ್ಮ ಕಡೆ ಇದಕ್ಕೆ ಏನು ಮಾಡುತ್ತೀರಿ, ತಿಳಿಸಿ.